ಹಬ್ಬಕ್ಕೆ ಸರಿಯಾಗಿ ಚೆಂಡು ಹೂವು



ಚೆಂಡು ಹೂವು ನಿಮಗೆಲ್ಲ ಗೊತ್ತು. ಬಾಗಿಲಿನ ತೋರಣಕ್ಕೆ ಮಾವಿನ ಎಲೆಯ ಜೊತೆ ಪೋಣಿಸುತ್ತೇವೆ. ಆಯುಧಪೂಜೆಯ ದಿನ ಬಸ್ಸಿಗೆ, ಟ್ರ್ಯಾಕ್ಟರಿಗೆ, ಹೊಲಿಗೆ ಮಿಷನ್ನಿಗೆ, ಕುಡುಗೋಲಿಗೆ ಎಲ್ಲಕ್ಕೂ ಇದೇ ಹೂವು. ದೀಪಾವಳಿಗೆ ಮತ್ತೆ ಇದೇ. ಮಲ್ಲಿಗೆ, ಕನಕಾಂಬರದ ಹಾಗೆ ಇದನ್ನು ನಾವು ಅಷ್ಟಾಗಿ ಮುಡಿಯುವುದಿಲ್ಲ. ಆದರೂ ಹಬ್ಬದ ಸಂತೆಯಲ್ಲಿ ರಾಶಿ ರಾಶಿ ಬಿಕರಿಯಾಗುವ ಹೂವು ಇದೇ.

"ಇದನ್ನ ಬೆಳೆಯೋದೇನು ಮಹಾ? ಒಣಗಿದ ಹೂ ಉಜ್ಜಿ ಬಿಸಾಕಿದ್ರೂ ಹುಟ್ಟುತ್ತೆ" ಅಂತ ನೀವು ಹೇಳಬಹುದು. ನಿಜ. ಹುಟ್ಟೋದು ಸುಲಭ. ಆದರೆ ಹಬ್ಬಕ್ಕೆ ಸರಿಯಾಗಿ ಅರಳಬೇಕಲ್ಲ, ಅದು ಕಷ್ಟ. ಹಬ್ಬದ ಮುಂಚಿನ ಎರಡು ದಿನ ಇರುವ ಬೆಲೆ ಹಬ್ಬದ ಮಾರನೇ ದಿನ ಇರುವುದಿಲ್ಲ. ಮಾರಾಟವಾಗದ ಹೂವನ್ನು ರಸ್ತೆ ಬದಿಯಲ್ಲಿ ಸುರಿದು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ರಾಶಿಯ ಹಿಂದೆ ಮೂರು ತಿಂಗಳ ದುಡಿಮೆ ಇರುತ್ತದೆ.

ಈಗ ನಿಮಗೆ ಓದಲು ಬರುತ್ತದೆ. ಲೆಕ್ಕ ಬರುತ್ತದೆ. ಕ್ಯಾಲೆಂಡರ್ ನೋಡಲು ಬರುತ್ತದೆ. ಈ ಮೂರನ್ನೂ ಹಿತ್ತಲಿಗೆ ತರೋಣ.

ಹಿಂದಕ್ಕೆ ಎಣಿಸೋಣ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ 2023ರಲ್ಲಿ ಜುಲೈ 25ಕ್ಕೆ ಬೀಜ ಹಾಕಿದರು. ಆ ವರ್ಷ ಆಯುಧಪೂಜೆ ಅಕ್ಟೋಬರ್ 23ಕ್ಕೆ ಇತ್ತು. ಹೂವು ಹೇಳಿ ಮಾಡಿಸಿದ ಹಾಗೆ ಬಂತು. ಕೈಗೆ ಹಣವೂ ಬಂತು. ಸಂಘದ ಸಾಲದ ಎರಡು ಕಂತು ಒಟ್ಟಿಗೆ ಕಟ್ಟಿದರು.

2024ರಲ್ಲೂ ಅವರು ಅದೇ ಜುಲೈ 25ಕ್ಕೆ ಬೀಜ ಹಾಕಿದರು. ಗಿಡ ಹೋದ ವರ್ಷಕ್ಕಿಂತ ಚೆನ್ನಾಗಿಯೇ ಇತ್ತು. ಆದರೆ ಆ ವರ್ಷ ಆಯುಧಪೂಜೆ ಅಕ್ಟೋಬರ್ 11ಕ್ಕೇ ಬಂದುಬಿಟ್ಟಿತು. ಹಬ್ಬದ ದಿನ ಅವರ ಹಿತ್ತಲಲ್ಲಿ ಇದ್ದದ್ದು ಬರೀ ಹಸಿರು ಮೊಗ್ಗು. ಪಕ್ಕದ ಊರಿನ ಹೂವು ಬಸ್ಸಿನಲ್ಲಿ ಹೋಗುತ್ತಿತ್ತು, ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹನ್ನೆರಡು ದಿನ ಬಿಟ್ಟು ಹೂವು ಅರಳಿತು. ದೀಪಾವಳಿಗೆ ಒಂದಿಷ್ಟು ಮಾರಿದರು. ಆಯುಧಪೂಜೆಯ ಹಣ ಮಾತ್ರ ತಪ್ಪಿತು. ಆ ತಿಂಗಳ ಕಂತಿಗೆ ಓಲೆ ಅಡ ಇಡಬೇಕಾಯಿತು.

ಗಿಡದಲ್ಲಿ ಏನೂ ದೋಷ ಇರಲಿಲ್ಲ. ತಾರೀಖು ತಪ್ಪಿತ್ತು, ಅಷ್ಟೆ.

ನಮ್ಮ ಹಬ್ಬಗಳು ಚಂದ್ರನ ಲೆಕ್ಕದಲ್ಲಿ ಬರುತ್ತವೆ. ಗೋಡೆಯ ಕ್ಯಾಲೆಂಡರ್ ಸೂರ್ಯನ ಲೆಕ್ಕದ್ದು. ಚಂದ್ರನ ವರ್ಷ ಸುಮಾರು 11 ದಿನ ಚಿಕ್ಕದು. ಅದಕ್ಕೇ ಹಬ್ಬ ಪ್ರತಿ ವರ್ಷ ಹತ್ತು ಹನ್ನೆರಡು ದಿನ ಮೊದಲೇ ಬರುತ್ತಾ ಹೋಗುತ್ತದೆ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೇ ಬಂತು. ಅಧಿಕ ಮಾಸ ಬಂದ ವರ್ಷ ಮತ್ತೆ ತಡವಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಇತ್ತು. ಅದಕ್ಕೇ ಆ ವರ್ಷ ಹಬ್ಬ ಅಷ್ಟು ತಡ. ಅಧಿಕ ಮಾಸದ ವಿಷಯ ನಮ್ಮ ಅಜ್ಜಿಯರಿಗೆ ಬಾಯಲ್ಲೇ ಗೊತ್ತಿತ್ತು. ನಾವು ಅದನ್ನು ಕ್ಯಾಲೆಂಡರಿನಲ್ಲಿ ಹುಡುಕೋಣ.

ಹೋದ ವರ್ಷದ ತಾರೀಖು ಬಿಟ್ಟುಬಿಡಿ. ಈ ವರ್ಷದ ಹಬ್ಬದಿಂದ ಹಿಂದಕ್ಕೆ ಎಣಿಸಿ.

ಎಷ್ಟು ದಿನ ಎಣಿಸಬೇಕು? ಬೀಜ ಹಾಕಿದ ಮೇಲೆ ಸಸಿ ಮಡಿಯಲ್ಲಿ 25 ದಿನ. ಕಿತ್ತು ನೆಟ್ಟ ಮೇಲೆ, ಕುಡಿ ಚಿವುಟಿದರೆ, ಹೂವಿಗೆ ಸುಮಾರು 60 ದಿನ. ಒಟ್ಟು 85. ಹೂವು ನಮಗೆ ಬೇಕಾದ್ದು ಹಬ್ಬದ ದಿನವಲ್ಲವಲ್ಲ, ಎರಡು ದಿನ ಮುಂಚೆ. ಮೋಡ, ಮಳೆ ಅಂತ ಮೂರು ದಿನ ಹೆಚ್ಚು ಹಿಡಿಯೋಣ. 90 ದಿನ ಅಂತ ಇಟ್ಟುಕೊಂಡರೆ ಸರಿ.

2025ರ ಲೆಕ್ಕ ಮಾಡಿ ನೋಡೋಣ. ಹಬ್ಬ ಅಕ್ಟೋಬರ್ 1.

ಅಕ್ಟೋಬರಿನಲ್ಲಿ 1 ದಿನ.
ಸೆಪ್ಟೆಂಬರಿನಲ್ಲಿ 30 ದಿನ.
ಆಗಸ್ಟಿನಲ್ಲಿ 31 ದಿನ.
ಕೂಡಿದರೆ 62.
90ರಲ್ಲಿ 62 ಕಳೆದರೆ 28. ಇದು ಜುಲೈ ತಿಂಗಳಿಂದ ಬರಬೇಕು.
ಜುಲೈಗೆ 31 ದಿನ. 31ರಲ್ಲಿ 28 ಕಳೆದರೆ 3.

ಜುಲೈ 3ಕ್ಕೆ ಬೀಜ ಹಾಕಬೇಕಿತ್ತು. ಇದೇ ಲೆಕ್ಕದಲ್ಲಿ 2024ಕ್ಕೆ ಜುಲೈ 13 ಬರುತ್ತದೆ. 2023ಕ್ಕೆ ಜುಲೈ 25. ಆ ಅಕ್ಕನಿಗೆ ಮೊದಲ ವರ್ಷ ಹೂವು ಯಾಕೆ ಸರಿಯಾಗಿ ಬಂತು ಅಂತ ಈಗ ತಿಳಿಯಿತಲ್ಲ?

ಯಾವ ತಿಂಗಳಿಗೆ 30, ಯಾವುದಕ್ಕೆ 31 ಅಂತ ಮರೆತರೆ ಮುಷ್ಟಿ ಕಟ್ಟಿ. ಬೆರಳಿನ ಬುಡದ ಗೆಣ್ಣು, ನಡುವಿನ ಹಳ್ಳ ಕಾಣುತ್ತವೆ. ಮೊದಲ ಗೆಣ್ಣು ಜನವರಿ. ಪಕ್ಕದ ಹಳ್ಳ ಫೆಬ್ರವರಿ. ಮುಂದಿನ ಗೆಣ್ಣು ಮಾರ್ಚ್. ಹೀಗೆ ಹೋದರೆ ಕೊನೆಯ ಗೆಣ್ಣಿಗೆ ಜುಲೈ ಬರುತ್ತದೆ. ಆಗಸ್ಟನ್ನು ಮತ್ತೆ ಮೊದಲ ಗೆಣ್ಣಿನಿಂದ ಶುರು ಮಾಡಿ. ಗೆಣ್ಣಿನ ತಿಂಗಳಿಗೆಲ್ಲ 31. ಹಳ್ಳದ ತಿಂಗಳಿಗೆ 30. ಫೆಬ್ರವರಿ ಒಂದು ಬೇರೆ.

ಒಂದು ಎಚ್ಚರಿಕೆ. 90 ದಿನ ಎಲ್ಲ ಬೀಜಕ್ಕೂ ಹೊಂದುವುದಿಲ್ಲ. ಬೀಜದ ಪೊಟ್ಟಣದ ಮೇಲೆ ಎಷ್ಟು ದಿನಕ್ಕೆ ಹೂವು ಅಂತ ಬರೆದಿರುತ್ತಾರೆ. ಅದನ್ನು ಓದಿ. ದೆಹಲಿಯ ಪೂಸಾ ಸಂಸ್ಥೆಯ 'ಪೂಸಾ ನಾರಂಗಿ ಗೇಂದಾ' ಎಂಬ ಕಿತ್ತಳೆ ಬಣ್ಣದ ತಳಿ ಇದೆ. ಅದು ಹೂ ಬಿಡಲು 120 ದಿನ ದಾಟುತ್ತದೆ. ಮನೆಯ ಬೀಜವಾದರೆ ಈ ವರ್ಷ ದಿನ ಎಣಿಸಿ ಬರೆದಿಡಿ. ಮುಂದಿನ ವರ್ಷಕ್ಕೆ ಅದೇ ಆಧಾರ.

ವಿಜಯದಶಮಿಯಿಂದ ದೀಪಾವಳಿಯ ಅಮಾವಾಸ್ಯೆಗೆ 20 ದಿನ. ಚೆಂಡು ಗಿಡ ಒಮ್ಮೆ ಹೂ ಬಿಡಲು ಶುರು ಮಾಡಿದರೆ ಒಂದೂವರೆ ತಿಂಗಳಾದರೂ ಬಿಡುತ್ತದೆ. ಆದ್ದರಿಂದ ಆಯುಧಪೂಜೆಗೆ ಗುರಿ ಇಟ್ಟರೆ ಸಾಕು. ದೀಪಾವಳಿ ತಾನಾಗಿ ಸಿಗುತ್ತದೆ.

ಬೀಜ ಮತ್ತು ಸಸಿ ಮಡಿ

ಚೆಂಡು ಹೂವಿನ ಬೀಜ ನೋಡಿದ್ದೀರಲ್ಲ? ಕಪ್ಪು ಸೂಜಿಯ ಹಾಗೆ. ತುದಿಗೆ ತಿಳಿ ಬಣ್ಣದ ಗರಿ. ಒಂದು ಹೂವಿನಲ್ಲಿ ಇಷ್ಟೊಂದು ಬೀಜ ಯಾಕೆ ಅಂತ ಒಬ್ಬ ತಂಗಿ ಕೇಳಿದಳು. ಒಳ್ಳೆ ಪ್ರಶ್ನೆ. ನಾವು ಒಂದು ಹೂವು ಅನ್ನುತ್ತೇವೆ. ಅಸಲಿಗೆ ಅದು ನೂರಾರು ಪುಟ್ಟ ಹೂವುಗಳ ಗೊಂಚಲು. ಒಂದೊಂದು ಪುಟ್ಟ ಹೂವಿಗೆ ಒಂದೊಂದು ಬೀಜ. ಸೂರ್ಯಕಾಂತಿ, ಸೇವಂತಿಗೆ ಇದೇ ಕುಟುಂಬ. ಹೊಲದ ಬದುವಿನಲ್ಲಿ ಮುಳ್ಳು ಚೆಂಡಿನ ಹಾಗೆ ಹೂ ಬಿಡುವ ಬ್ರಹ್ಮದಂಡೆಯೂ ಇವುಗಳ ನೆಂಟನೇ.

ಅಂಗಡಿಯಲ್ಲಿ ಹೈಬ್ರಿಡ್ ಬೀಜ ಸಿಗುತ್ತದೆ. ಹೂವು ದಪ್ಪ, ಒಂದೇ ಸಮ. ಬೆಲೆಯೂ ಜಾಸ್ತಿ. ಅದರ ಹೂವಿನಿಂದ ಬೀಜ ಎತ್ತಿ ಮುಂದಿನ ವರ್ಷ ಹಾಕಿದರೆ ತಾಯಿಯ ಹಾಗೇ ಬರುವುದಿಲ್ಲ. ಒಂದು ದಪ್ಪ, ಒಂದು ಸಣ್ಣ, ಒಂದು ಒಂಟಿ ಎಸಳು ಹೀಗೆ ಬೆರಕೆ ಬರುತ್ತದೆ. ಪ್ರತಿ ವರ್ಷ ಕೊಳ್ಳಬೇಕು. ಹತ್ತಿಪ್ಪತ್ತು ಕೆಜಿ ಮಾರುವವರಿಗೆ ಮನೆಯ ಬೀಜವೇ ವಾಸಿ ಅಂತ ನಮ್ಮ ಅಭಿಪ್ರಾಯ.

ಮನೆಯ ಬೀಜ ಮಾಡುವುದು ಹೀಗೆ. ರೋಗ ಇಲ್ಲದ, ಚೆನ್ನಾಗಿ ಕವಲೊಡೆದ ನಾಲ್ಕೈದು ಗಿಡ ಆರಿಸಿ. ಅವುಗಳಿಗೆ ಬಟ್ಟೆಯ ಚೂರು ಕಟ್ಟಿ ಗುರುತು ಮಾಡಿ. ಅವುಗಳ ದೊಡ್ಡ ಹೂವನ್ನು ಕೀಳದೆ ಗಿಡದಲ್ಲೇ ಒಣಗಲು ಬಿಡಿ. ತೊಟ್ಟು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕಿತ್ತು ನೆರಳಲ್ಲಿ ಒಣಗಿಸಿ. ಬೀಜ ಉದುರಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ. ಪೊಟ್ಟಣದ ಮೇಲೆ ಹೂವಿನ ಬಣ್ಣ, ತಿಂಗಳು, ವರ್ಷ ಬರೆಯಿರಿ. ಎರಡು ವರ್ಷ ಕಳೆದ ಬೀಜ ಸರಿಯಾಗಿ ಹುಟ್ಟುವುದಿಲ್ಲ. ಬರೆದಿಡದಿದ್ದರೆ ಹಳೆಯದು ಯಾವುದು, ಹೊಸದು ಯಾವುದು ಅಂತ ಹೇಗೆ ತಿಳಿದೀತು?

ಸಸಿ ಮಡಿಯನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರ ಮಾಡಿ. ಜುಲೈ ಮಳೆಯ ಕಾಲ. ಮಡಿ ತಗ್ಗಾದರೆ ನೀರು ನಿಂತು ಬುಡ ಕೊಳೆಯುತ್ತದೆ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಗಾಗುವುದರೊಳಗೆ ಮಲಗಿರುತ್ತದೆ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ. ಅರೆಬರೆ ಕಳಿತ ಗೊಬ್ಬರದ ಜೊತೆ ಗೊಣ್ಣೆ ಹುಳು ಬರುತ್ತದೆ.

ನಾಲ್ಕು ಬೆರಳಿಗೆ ಒಂದರಂತೆ ಗೀರು ಎಳೆಯಿರಿ. ಬೀಜವನ್ನು ತೆಳ್ಳಗೆ ಉದುರಿಸಿ. ಮೇಲೆ ತೆಳುವಾಗಿ ಪುಡಿ ಮಣ್ಣು. ಅದರ ಮೇಲೆ ಒಣ ಹುಲ್ಲು. ನಾಲ್ಕೈದು ದಿನದಲ್ಲಿ ಮೊಳಕೆ ಕಾಣುತ್ತದೆ. ಕಂಡ ಕೂಡಲೇ ಹುಲ್ಲು ತೆಗೆಯಿರಿ, ಇಲ್ಲದಿದ್ದರೆ ಸಸಿ ಬಿಳಿಚಿಕೊಂಡು ಉದ್ದವಾಗುತ್ತದೆ. ಕೋಳಿ ಸಾಕಿದವರು ಮಡಿಯ ಸುತ್ತ ಮುಳ್ಳು ಕವಲು ಇಡಬೇಕು. ಕೋಳಿಗೆ ಹೊಸ ಮಡಿ ಅಂದರೆ ಹಬ್ಬ.

ನೆಡುವುದು

ಚೆಂಡು ಗಿಡಕ್ಕೆ ಬಿಸಿಲು ಬೇಕು. ತೆಂಗಿನ ಮರದ ಕೆಳಗೆ, ಗೋಡೆಯ ನೆರಳಿನಲ್ಲಿ ನೆಟ್ಟರೆ ಸೊಪ್ಪು ಸೊಂಪಾಗಿ ಬರುತ್ತದೆ, ಹೂವು ಬರುವುದಿಲ್ಲ. ಮಣ್ಣು ಯಾವುದಾದರೂ ಸರಿ. ನೀರು ನಿಲ್ಲಬಾರದು, ಅಷ್ಟೆ.

ಸಾಲಿನಿಂದ ಸಾಲಿಗೆ ಒಂದೂವರೆ ಅಡಿ. ಗಿಡದಿಂದ ಗಿಡಕ್ಕೂ ಒಂದೂವರೆ ಅಡಿ. ನಿಮ್ಮ ಹಿತ್ತಲು 30 ಅಡಿ ಉದ್ದ, 15 ಅಡಿ ಅಗಲ ಇದೆ ಅಂತ ಇಟ್ಟುಕೊಳ್ಳಿ. ಉದ್ದಕ್ಕೆ 20 ಗಿಡ. ಅಗಲಕ್ಕೆ 10 ಸಾಲು. 20ನ್ನು 10ರಿಂದ ಗುಣಿಸಿದರೆ 200 ಗಿಡ. ಕೆಲವು ಸಾಯುತ್ತವೆ. ಅದಕ್ಕೆ 230 ಸಸಿ ಎಬ್ಬಿಸಿಕೊಳ್ಳಿ.

ಒಂದು ಗಿಡ ಪೂರ್ತಿ ಕಾಲದಲ್ಲಿ ಅರ್ಧ ಕೆಜಿ ಹೂ ಕೊಟ್ಟರೆ ಚೆನ್ನಾಗಿ ಬಂತು ಅಂತ ಅರ್ಥ. ನಾವು 400 ಗ್ರಾಂ ಅಂತಲೇ ಹಿಡಿಯೋಣ. 200 ಗಿಡಕ್ಕೆ 80 ಕೆಜಿ ಆಯಿತು. ಮನೆಯ ಹಬ್ಬಕ್ಕೆ ಬೇಕಾದಷ್ಟು ಇಟ್ಟುಕೊಂಡು ಮಾರಲು ಸಾಕಷ್ಟು ಉಳಿಯುತ್ತದೆ.

ಸಂಜೆ ಹೊತ್ತು ನೆಡಿ. ಸಸಿಗೆ ರಾತ್ರಿ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ನೆಟ್ಟ ಕೂಡಲೇ ನೀರು. ಆಮೇಲೆ ಮಳೆ ನೋಡಿಕೊಂಡು ನಾಲ್ಕೈದು ದಿನಕ್ಕೊಮ್ಮೆ ಸಾಕು. ಅಕ್ಕಿ, ಬೇಳೆ ತೊಳೆದ ನೀರು ಹಾಕಬಹುದು. ಸೋಪಿನ ನೀರು ಬೇಡ. ಒಂದು ತಿಂಗಳಿಗೆ ಕಳೆ ಕಿತ್ತು ಬುಡಕ್ಕೆ ಮಣ್ಣು ಏರಿಸಿ. ಯೂರಿಯಾ ಎರಚುವ ಆಸೆ ಬೇಡ. ಯೂರಿಯಾ ಹೆಚ್ಚಾದರೆ ಸೊಪ್ಪೇ ಸೊಪ್ಪು.

ಕುಡಿ ಚಿವುಟುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಹಳ ಜನ ಬಿಟ್ಟುಬಿಡುವ ಕೆಲಸ ಇದು.

ನೆಟ್ಟು ಒಂದು ತಿಂಗಳಾಗುವ ಹೊತ್ತಿಗೆ ಗಿಡದ ನೆತ್ತಿಯಲ್ಲಿ ಒಂದು ಮೊಗ್ಗು ಮೂಡಲು ನೋಡುತ್ತದೆ. ನಮಗೆ ಸಂತೋಷ. ಮೊದಲ ಮೊಗ್ಗು ಅಲ್ಲವೇ? ಅದನ್ನೇ ಚಿವುಟಬೇಕು. ಮೊಗ್ಗಿನ ಜೊತೆ ಕೆಳಗಿನ ಎರಡು ಜೊತೆ ಎಲೆಯನ್ನೂ ಸೇರಿಸಿ ಹೆಬ್ಬೆರಳು, ತೋರು ಬೆರಳಿನಿಂದ ಚಿವುಟಿ ತೆಗೆಯಿರಿ.

"ಕೈ ಬರೋದಿಲ್ಲ ಮೇಡಂ, ಮೊದಲ ಫಲ ಚಿವುಟಿದ ಹಾಗೆ ಆಗುತ್ತೆ" ಅಂತ ನಮ್ಮ ಕೇಂದ್ರದಲ್ಲಿ ಹೇಳಿದವರಿದ್ದಾರೆ. ಅವರಿಗೆ ನಾವು ಹೇಳಿದ್ದು ಇಷ್ಟೆ: ಎರಡು ಸಾಲು ಚಿವುಟಿ, ಒಂದು ಸಾಲು ಬಿಡಿ, ಕಣ್ಣಾರೆ ನೋಡಿ. ಬಿಟ್ಟ ಸಾಲಿನ ಗಿಡ ಒಂಟಿ ಕಡ್ಡಿಯಾಗಿ ಮೇಲಕ್ಕೆ ಹೋಯಿತು. ನೆತ್ತಿಗೆ ಒಂದು ದೊಡ್ಡ ಹೂವು ಬಂತು. ಗಾಳಿ ಮಳೆಗೆ ಬಾಗಿತು. ಚಿವುಟಿದ ಗಿಡ ಪಕ್ಕಕ್ಕೆ ಎಂಟು ಹತ್ತು ಕವಲು ಒಡೆದು ಪೊದೆಯಾಯಿತು. ಕವಲಿಗೊಂದು ಹೂವು. ಹತ್ತು ಹದಿನೈದು ದಿನ ತಡವಾಗಿ ಬಂತು, ನಿಜ. ಆ ತಡವನ್ನು ನಾವು 90 ದಿನದ ಲೆಕ್ಕದಲ್ಲಿ ಆಗಲೇ ಸೇರಿಸಿದ್ದೇವೆ. ಬೀಜ ಹಾಕುವುದೇ ತಡವಾಗಿದ್ದರೆ ಮಾತ್ರ ಚಿವುಟಬೇಡಿ. ಆಗ ಕಡಿಮೆ ಹೂವಾದರೂ ಹಬ್ಬಕ್ಕೆ ಸಿಗಲಿ.

ಚಿವುಟಿದ ಕುಡಿಯನ್ನು ಬಿಸಾಡಬೇಡಿ. ನಾಲ್ಕು ಬೆರಳುದ್ದ ಇದ್ದರೆ ಕೆಳಗಿನ ಎಲೆ ಬಿಡಿಸಿ, ಮೊಗ್ಗು ಕಿತ್ತು, ಒದ್ದೆ ಮರಳಿನಲ್ಲಿ ನೆರಳಲ್ಲಿ ಚುಚ್ಚಿಡಿ. ಬೇರು ಬಿಡುತ್ತದೆ. ಸತ್ತ ಗಿಡದ ಜಾಗಕ್ಕೆ ಇದನ್ನು ನೆಡಬಹುದು. ತಾಯಿ ಗಿಡದ ಹೂವು ಹೇಗೋ ಇದರದ್ದೂ ಹಾಗೆಯೇ.

ಹುಳು, ನುಸಿ, ವಿಷದ ಡಬ್ಬಿ

ಮಳೆ ನಿಂತು ಬಿಸಿಲು ಕಾದಾಗ ಎಲೆಯ ಕೆಳಗೆ ಕೆಂಪು ನುಸಿ ಬರುತ್ತದೆ. ಎಲೆ ಮೇಲೆ ಧೂಳು ಬಿದ್ದ ಹಾಗೆ ಕಾಣುತ್ತದೆ, ಸಣ್ಣ ಬಲೆ ಇರುತ್ತದೆ. ಎಲೆಯ ಕೆಳಗೆ ನೀರು ರಭಸವಾಗಿ ಎರಚಿದರೆ ಕಡಿಮೆಯಾಗುತ್ತದೆ. ಮೊಗ್ಗು ತಿನ್ನುವ ಹಸಿರು ಹುಳುವನ್ನು ಬೆಳಿಗ್ಗೆ ಕೈಯಲ್ಲಿ ಆರಿಸಿ ಕೋಳಿಗೆ ಹಾಕಿ. 200 ಗಿಡಕ್ಕೆ ಅರ್ಧ ಗಂಟೆಯ ಕೆಲಸ.

ಜಾಸ್ತಿಯಾದರೆ ಬೇವಿನ ಬೀಜದ ಕಷಾಯ ಮಾಡಿ. 250 ಗ್ರಾಂ ಒಣ ಬೇವಿನ ಬೀಜ ಕುಟ್ಟಿ ಪುಡಿ ಮಾಡಿ. ಬಟ್ಟೆಯಲ್ಲಿ ಕಟ್ಟಿ 5 ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಡಿ. ಬೆಳಿಗ್ಗೆ ಹಿಂಡಿ ಸೋಸಿ. ಎಲೆಗೆ ಅಂಟಲು ಚಿಟಿಕೆ ಸೋಪಿನ ಪುಡಿ ಹಾಕಿ. ಸಂಜೆ ಹೊತ್ತು ಸಿಂಪಡಿಸಿ.

ಅಂಗಡಿಯ ಔಷಧಿಯನ್ನು ಔಷಧಿ ಅಂತ ಕರೆಯುವುದೇ ನಮಗೆ ಸರಿ ಕಾಣುವುದಿಲ್ಲ. ಅದು ವಿಷ. ಡಬ್ಬಿಯ ಮೇಲೆ ಗಾಳಿಪಟದ ಆಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತಾರೆ. ಕೆಂಪು ಇದ್ದರೆ ಅತಿ ಘೋರ ವಿಷ. ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ಅದೂ ಘೋರವೇ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಅಂದ ಮಾತ್ರಕ್ಕೆ ಕುಡಿಯುವ ನೀರಲ್ಲ. ಹೂವು ಕೀಳುವವರು ನಾವು, ಕಟ್ಟುವವರು ನಾವು, ದಾರ ಹಲ್ಲಲ್ಲಿ ಕಡಿಯುವವರೂ ನಾವು. ಹಿತ್ತಲಲ್ಲಿ ಮಕ್ಕಳು ಆಡುತ್ತಾರೆ. ಮನೆಯ ಅಂಗಳದ ಹೂವಿಗೆ ಕೆಂಪು, ಹಳದಿ ಗುರುತಿನ ಡಬ್ಬಿ ತರಲೇಬೇಡಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ಬೇಳೆ ತುಂಬಬೇಡಿ.

ಟೊಮೆಟೊ ಬೆಳೆಯುವವರಿಗೆ

ಟೊಮೆಟೊ ಕಾಯಿಗೆ ತೂತು ಕೊರೆಯುವ ಹುಳು ಇದೆಯಲ್ಲ, ಅದರ ಚಿಟ್ಟೆಗೆ ಚೆಂಡು ಹೂವಿನ ಮೊಗ್ಗು ಬಹಳ ಇಷ್ಟ. ಟೊಮೆಟೊ ಬಿಟ್ಟು ಇಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೇ 16 ಸಾಲು ಟೊಮೆಟೊಗೆ 1 ಸಾಲು ಚೆಂಡು ಹೂವು ಹಾಕಿ ಅಂತ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿದ್ದಾರೆ. ಇಲ್ಲೂ ದಿನ ಎಣಿಸಬೇಕು. ನೆಡುವ ದಿನ ಚೆಂಡಿನ ಸಸಿಗೆ 45 ದಿನ ಆಗಿರಬೇಕು, ಟೊಮೆಟೊ ಸಸಿಗೆ 25 ದಿನ. ಹಾಗಾದರೆ ಚೆಂಡಿನ ಬೀಜವನ್ನು 20 ದಿನ ಮೊದಲೇ ಹಾಕಬೇಕು. ಆಗ ಎರಡೂ ಒಟ್ಟಿಗೆ ಹೂವಾಗುತ್ತವೆ. ಆ ಸಾಲಿನ ಹುಳು ಆರಿಸುವುದನ್ನು ಮಾತ್ರ ಮರೆಯಬೇಡಿ.

ಬೇರಿನಲ್ಲಿ ಗಂಟು ಗಂಟಾಗಿ ಬದನೆ, ಟೊಮೆಟೊ ಸೊರಗುವ ರೋಗಕ್ಕೆ ಕಾರಣ ಕಣ್ಣಿಗೆ ಕಾಣದ ಜಂತು ಹುಳು. ಚೆಂಡು ಗಿಡ ಬೆಳೆದ ಮಣ್ಣಿನಲ್ಲಿ ಅದು ಕಡಿಮೆಯಾಗುತ್ತದೆ. ಈ ವರ್ಷ ಚೆಂಡು ಹೂವು ಬೆಳೆದ ಪಾತಿಯಲ್ಲಿ ಮುಂದೆ ಬದನೆ ಹಾಕಿ ನೋಡಿ.

ಕೀಳುವುದು, ತೂಗುವುದು, ಚೀಟಿ ಓದುವುದು

ಪೂರ್ತಿ ಅರಳಿದ ಹೂವನ್ನು ಬೆಳಿಗ್ಗೆ ತಂಪಿನಲ್ಲಿ ಅಥವಾ ಸಂಜೆ ಕೀಳಿ. ಹಿಂದಿನ ದಿನ ಗಿಡಕ್ಕೆ ನೀರು ಕೊಟ್ಟಿದ್ದರೆ ಹೂವು ಬೇಗ ಬಾಡುವುದಿಲ್ಲ. ಹೂವಿನ ಮೇಲೆ ನೀರು ಸುರಿಯಬೇಡಿ, ಒಳಗೆ ನೀರು ಸೇರಿ ಕೊಳೆಯುತ್ತದೆ. ಮಳೆ ಬಂದಿದ್ದರೆ ಹೂವಿನ ನೀರು ಆರಿದ ಮೇಲೆ ಮಂಕರಿಗೆ ತುಂಬಿ. ಅದುಮಿ ತುಂಬಬಾರದು. ಮೂರು ದಿನಕ್ಕೊಮ್ಮೆ ಕೀಳುತ್ತಿದ್ದರೆ ಹೊಸ ಮೊಗ್ಗು ಬರುತ್ತಿರುತ್ತದೆ. ಗಿಡದಲ್ಲೇ ಒಣಗಲು ಬಿಟ್ಟರೆ ಗಿಡ ಬೀಜದ ಕಡೆ ತಿರುಗಿ ಹೂವು ಕಡಿಮೆ ಮಾಡುತ್ತದೆ.

ಮಂಕರಿ ಮನೆಯಿಂದ ಹೊರಡುವ ಮುಂಚೆ ತೂಗಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಊರಿನ ಅಂಗಡಿಯಲ್ಲಿ ತೂಗಿಸಿ. ತೂಕವನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಹೂವಿನ ಮಂಡಿಗೆ ಸಾಮಾನ್ಯವಾಗಿ ಮನೆಯ ಗಂಡಸರು ಹೋಗುತ್ತಾರೆ. ಅಲ್ಲಿ ತೂಕ, ದರ ಬರೆದ ಒಂದು ಚೀಟಿ ಕೊಡುತ್ತಾರೆ. ಆ ಚೀಟಿ ಜೇಬಿನಲ್ಲೇ ಉಳಿದುಬಿಡುತ್ತದೆ. ಅದನ್ನು ಕೇಳಿ ತೆಗೆದುಕೊಳ್ಳಿ. ಜಗಳ ಮಾಡಬೇಕಾಗಿಲ್ಲ. "ಲೆಕ್ಕ ಬರೀಬೇಕು, ಚೀಟಿ ಕೊಡಿ" ಅಂದರೆ ಸಾಕು.

ಒಬ್ಬ ತಂಗಿ ಹೀಗೆ ಚೀಟಿ ಕೇಳಿ ಪಡೆದಳು. ಕೇಂದ್ರಕ್ಕೆ ತಂದು ತೋರಿಸಿದಳು. ತೂಕ 24 ಕೆಜಿ. ದರ 35 ರೂಪಾಯಿ. ಒಟ್ಟು 740 ಅಂತ ಬರೆದಿತ್ತು. ಅವಳು ಹಲಗೆಯ ಮೇಲೆ ಗುಣಿಸಿದಳು. ಎರಡು ಸಲ ಗುಣಿಸಿದಳು. ತನ್ನದೇ ತಪ್ಪಿರಬೇಕು ಅಂತ ಮೂರನೇ ಸಲವೂ ಮಾಡಿದಳು. ಮೂರು ಸಲವೂ 840 ಬಂತು. ಮಾರನೇ ದಿನ ಗಂಡನ ಜೊತೆ ತಾನೇ ಮಂಡಿಗೆ ಹೋದಳು. ವ್ಯಾಪಾರಿ ಚೀಟಿ ನೋಡಿ, "ಕೈತಪ್ಪು ಕಣಮ್ಮ" ಅಂದು 100 ರೂಪಾಯಿ ಕೊಟ್ಟರು. ಕೈತಪ್ಪೇ ಇರಬಹುದು. ಆದರೆ ಚೀಟಿ ಜೇಬಿನಲ್ಲೇ ಇದ್ದಿದ್ದರೆ ಆ ನೂರು ರೂಪಾಯಿ ಬರುತ್ತಿರಲಿಲ್ಲ.

ಚೀಟಿಯಲ್ಲಿ ದಲಾಲಿ ಅಂತ ಕಳೆದಿದ್ದರೆ ಅದನ್ನೂ ನೋಡಿ. ನೂರಕ್ಕೆ ಎಷ್ಟು ಹಿಡಿಯುತ್ತಾರೆ ಅಂತ ಮೊದಲೇ ಕೇಳಿ. ಬಸ್ ಚಾರ್ಜ್, ಲಗೇಜು, ಬೀಜ, ಗೊಬ್ಬರ ಎಲ್ಲ ಖರ್ಚು ಒಂದು ಕಡೆ ಬರೆಯಿರಿ. ಬಂದ ಹಣ ಇನ್ನೊಂದು ಕಡೆ. ನಿಮ್ಮ ಕೂಲಿಯನ್ನು ಖರ್ಚಿನಲ್ಲಿ ಬರೆಯುವವರು ಬಹಳ ಕಡಿಮೆ. ಬರೆಯಿರಿ. ಬೆಳಿಗ್ಗೆ ಎರಡು ಗಂಟೆ ಬಗ್ಗಿ ಹೂ ಕಿತ್ತದ್ದಕ್ಕೆ ಬೆಲೆ ಇಲ್ಲವೇ?

ಇನ್ನೊಂದು ಮಾತು. ಚೆಂಡು ಹೂವಿನ ಎಸಳನ್ನು ಒಣಗಿಸಿ ಬಣ್ಣ ತೆಗೆಯುವ ಕಾರ್ಖಾನೆಗಳಿವೆ. ಆ ಬಣ್ಣವನ್ನು ಕೋಳಿ ಮೇವಿಗೆ ಬೆರೆಸುತ್ತಾರೆ, ಮೊಟ್ಟೆಯ ಭಂಡಾರ ಹಳದಿಯಾಗಲಿ ಅಂತ. ಇಂಥ ಕಂಪನಿಯವರು ರೈತರಿಗೆ ಬೀಜ ಕೊಟ್ಟು, ಮೊದಲೇ ದರ ಗೊತ್ತು ಮಾಡಿ ಒಪ್ಪಂದ ಮಾಡಿಸಿಕೊಳ್ಳುತ್ತಾರೆ. ಹಬ್ಬ ಇರಲಿ ಬಿಡಲಿ ಒಂದೇ ದರ. ಅದರಲ್ಲಿ ಅನುಕೂಲವೂ ಇದೆ. ಆದರೆ ದರ ಎಷ್ಟು, ಹೂವು ಬೇಡ ಅಂತ ಯಾವಾಗ ಹಿಂದಕ್ಕೆ ಕಳಿಸಬಹುದು, ಬೀಜದ ಹಣ ಯಾವಾಗ ಹಿಡಿಯುತ್ತಾರೆ ಎಂಬುದನ್ನು ಓದಿ ತಿಳಿಯದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಹೂವಿನ ತವರು

ಪಾಠದ ನಡುವೆ ಒಬ್ಬರು ಕೇಳಿದರು, "ಇದು ನಮ್ಮ ದೇಶದ್ದೇ ಹೂವಲ್ವಾ?" ಅಲ್ಲ. ಇದರ ತವರು ಬಹಳ ದೂರದ ಮೆಕ್ಸಿಕೋ ದೇಶ. ಅಲ್ಲಿಯ ಜನ ನವೆಂಬರ್ 1 ಮತ್ತು 2ನೇ ತಾರೀಖು ತೀರಿಹೋದ ಹಿರಿಯರ ಹಬ್ಬ ಮಾಡುತ್ತಾರೆ. ಸಮಾಧಿಗೆ, ಮನೆಯ ಎಡೆಗೆ ಇದೇ ಹೂವು ಇಡುತ್ತಾರೆ. ನಮ್ಮ ಪಿತೃಪಕ್ಷದ ಹಾಗೆ ಅನ್ನಿ. ಇನ್ನೊಂದು ತಮಾಷೆ. ಎತ್ತರದ ಗಿಡ, ದಪ್ಪ ಹೂವಿನ ಜಾತಿಗೆ ಆಫ್ರಿಕನ್ ಅಂತ ಹೆಸರು. ಕುಳ್ಳ ಗಿಡ, ಸಣ್ಣ ಕೆಂಪು ಹೂವಿನ ಜಾತಿಗೆ ಫ್ರೆಂಚ್ ಅಂತ ಹೆಸರು. ಎರಡೂ ಮೆಕ್ಸಿಕೋ ಕಡೆಯವೇ! ಬೀಜದ ಅಂಗಡಿಯಲ್ಲಿ ಈ ಹೆಸರು ಓದಿದರೆ ಗಾಬರಿ ಬೇಡ. ಹಾರಕ್ಕೆ, ಮಾರಾಟಕ್ಕೆ ಆಫ್ರಿಕನ್ ಜಾತಿ ಕೇಳಿ.

ಅಭ್ಯಾಸ

1. ಮನೆಯ ಕ್ಯಾಲೆಂಡರಿನಲ್ಲಿ ಈ ವರ್ಷದ ಆಯುಧಪೂಜೆ ಹುಡುಕಿ. ಹಬ್ಬ ಆಗಿಹೋಗಿದ್ದರೆ ಮುಂದಿನ ವರ್ಷದ್ದನ್ನು ತೆಗೆದುಕೊಳ್ಳಿ. 90 ದಿನ ಹಿಂದಕ್ಕೆ ಎಣಿಸಿ. ಬೀಜ ಹಾಕುವ ತಾರೀಖಿಗೆ ಸುತ್ತು ಹಾಕಿ. ಅಲ್ಲಿಂದ 25 ದಿನ ಮುಂದಕ್ಕೆ ಎಣಿಸಿ 'ನೆಡುವುದು' ಅಂತ ಬರೆಯಿರಿ. ಮತ್ತೆ 30 ದಿನಕ್ಕೆ 'ಚಿವುಟುವುದು' ಅಂತ ಬರೆಯಿರಿ.

2. ಹಿತ್ತಲು 12 ಅಡಿ ಉದ್ದ, 9 ಅಡಿ ಅಗಲ ಇದೆ. ಒಂದೂವರೆ ಅಡಿಗೆ ಒಂದರಂತೆ ನೆಟ್ಟರೆ ಎಷ್ಟು ಗಿಡ ಹಿಡಿಯುತ್ತದೆ?

3. ಈ ಚೀಟಿ ಓದಿ. ತೂಕ 18 ಕೆಜಿ. ದರ 40 ರೂಪಾಯಿ. ದಲಾಲಿ ನೂರಕ್ಕೆ 10. ಕೈಗೆ ಬರಬೇಕಾದ ಹಣ ಎಷ್ಟು? ಚೀಟಿಯಲ್ಲಿ 628 ಅಂತ ಬರೆದಿದ್ದಾರೆ. ಇದು ಸರಿಯೇ?